ಕಷಾಯ ಬೇರೆ, ಸಕ್ಕರೆ ಗುಳಿಗೆ ಬೇರೆ (ಭಾಗ 6)

ಊರಿನ ಗ್ರೂಪಿನಲ್ಲಿ ಎರಡನ್ನೂ ಒಂದೇ ತಕ್ಕಡಿಗೆ ಹಾಕಿ "ಸೈಡ್ ಎಫೆಕ್ಟ್ ಇಲ್ಲ" ಅಂತೀರಿ. ನಾನಂತೂ ಒಪ್ಪಲ್ಲ.

ಅಮೃತಬಳ್ಳಿ ಕಷಾಯದಲ್ಲಿ ಮದ್ದಿನ ಅಂಶ ನಿಜವಾಗಿಯೂ ಇದೆ. ಅದಕ್ಕೇ ಅಳತೆ ಬೇಕು. ಅದನ್ನು ತಗೊಂಡವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳನ್ನು 2021ರಲ್ಲಿ ಮುಂಬೈ ವೈದ್ಯರೇ ವರದಿ ಮಾಡಿದ್ದಾರೆ.

ಹೋಮಿಯೋಪತಿಯ 30ಸಿ ಗುಳಿಗೆ ಇದಕ್ಕೆ ತದ್ವಿರುದ್ಧ. ನೂರಕ್ಕೆ ಒಂದು ಪಾಲಿನಂತೆ 30 ಸಲ ತೆಳು ಮಾಡಿದ ಮೇಲೆ ಮೂಲವಸ್ತುವಿನ ಒಂದು ಅಣುವೂ ಉಳಿಯಲ್ಲ. ಇಲ್ಲಿ ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ 2017ರಲ್ಲೇ "ಇದನ್ನು ಬರೆದುಕೊಡಬೇಡಿ" ಎಂದು ಡಾಕ್ಟರುಗಳಿಗೆ ಹೇಳಿತು. ಅಪಾಯ ಆ ಗುಳಿಗೆಯಲ್ಲಿಲ್ಲ, ಅದನ್ನು ನಂಬಿ ಶುಗರ್ ಮಾತ್ರೆ ಬಿಡೋದರಲ್ಲಿದೆ. ಆದರೆ ಅದೇ ಅಂಗಡಿಯ ಮದರ್ ಟಿಂಕ್ಚರ್ ಗಿಡದ ಸಾರವೇ. ಅದು ಕಷಾಯದ ಸಾಲಿಗೆ.

ಅತ್ತೆ, ಚಿಕ್ಕಪ್ಪ, ಆಪರೇಷನ್‌ಗೆ ಮುಂಚೆ ನರ್ಸ್ "ಬೇರೆ ಏನಾದ್ರೂ ತಗೋತೀರಾ?" ಅಂದರೆ ಎಲ್ಲಾ ಹೇಳಿಬಿಡಿ. "ಬರೀ ಮನೆಮದ್ದು" ಅಂತ ಮುಚ್ಚಿಡಬೇಡಿ.