ಹಳದಿ ಹಕ್ಕಿಯ ಹೆಸರೇನು?

ದೀಪಾವಳಿಯ ರಜೆಗೆಂದು ಹಳ್ಳಿಗೆ ಹೋದ ಪಟ್ಟಣಿಗರ ಕಣ್ಣೆದುರು, ಬಾವಿಯ ಬಳಿಯ ಆಲದಿಂದ ಮಾವಿನ ತೋಪಿಗೆ ಹೊಂಬಣ್ಣದ ಹಕ್ಕಿಯೊಂದು ಹಾರಿ ಮರೆಯಾಗುವುದುಂಟು. ‘ಗೀಜುಗ’ ಎಂದುಬಿಡುತ್ತಾರೆ ತಾತ, ಮೊಮ್ಮಕ್ಕಳು ಒಪ್ಪುವುದಿಲ್ಲ. ಈ ವಾದದಲ್ಲಿ ಗೆಲುವು ಮಕ್ಕಳದೇ. ಗೀಜುಗವು ಗುಬ್ಬಚ್ಚಿಯ ಗಾತ್ರದ್ದು. ಗಂಡಿಗೂ ಹಳದಿಯ ಸಿಂಗಾರ ಗೂಡು ಕಟ್ಟುವ ಕಾಲಕ್ಕೆ ಮಾತ್ರ. ಮೈನಾದಷ್ಟು ದೊಡ್ಡದಾದ ಈ ಹಕ್ಕಿ ಹೊನ್ನಕ್ಕಿ.

ಆದರೆ ಕನ್ನಡನಾಡಿನ ತೋಟಗಳಲ್ಲಿ ಸಾಮಾನ್ಯವಾಗಿ ಕಾಣುವ ಹೊನ್ನಕ್ಕಿಗಳಲ್ಲಿಯೂ ಎರಡು ಬಗೆ. ಮೈಬಣ್ಣಕ್ಕೆ ಮರುಳಾದವರಿಗೆ ಭೇದ ತಿಳಿಯದು, ನೋಡಬೇಕಾದುದು ತಲೆಯನ್ನು. ತಲೆ, ಕೊರಳು ಪೂರ್ತಿಯಾಗಿ ಕಪ್ಪಾಗಿದ್ದರೆ ಅದು ಕರಿತಲೆಯ ಹೊನ್ನಕ್ಕಿ. ವರ್ಷವಿಡೀ ಇಲ್ಲಿಯೇ ಇರುವಂಥದು. ತಲೆಯೂ ಹೊಂಬಣ್ಣವಾಗಿದ್ದು, ಕಾಡಿಗೆ ತೀಡಿದಂತೆ ಕಪ್ಪು ಗೆರೆಯೊಂದು ಕಣ್ಣನ್ನು ಹಾದು ಹಿಂದಕ್ಕೆ ಚಾಚಿದ್ದರೆ, ಅದು ಇನ್ನೊಂದು ಬಗೆ. 1832ರಲ್ಲಿ ಸೈಕ್ಸ್ ಎಂಬ ಆಂಗ್ಲ ಅಧಿಕಾರಿ ಇದಕ್ಕೆ ‘ಕುಂಡೂ’ ಎಂಬ ಶಾಸ್ತ್ರೀಯ ಹೆಸರಿತ್ತನು. ಯೂರೋಪಿನ ಹೊನ್ನಕ್ಕಿಯಲ್ಲಿ ಆ ಕಾಡಿಗೆ ಕಣ್ಣಿನ ಬಳಿಯೇ ನಿಂತುಬಿಡುತ್ತದೆ. ಕುಂಡೂ ದಕ್ಷಿಣಕ್ಕೆ ಬಹುಮಟ್ಟಿಗೆ ಚಳಿಗಾಲದ ಅತಿಥಿ. ಬೇಸಗೆಗೆ ಉತ್ತರಕ್ಕೆ ಮರಳಿ ಸಂಸಾರ ಹೂಡುತ್ತದೆ.

ಮೋಸಗೊಳಿಸುವವಳು ಹೆಣ್ಣು. ಹಸಿರು ಬೆರೆತ ಬೆನ್ನು, ಗೀರುಗೀರಾದ ಎದೆ! ಅದನ್ನು ಬೇರೆ ಜಾತಿಯೆಂದು ಬಗೆದವರನ್ನು ಹಳಿಯುವಂತಿಲ್ಲ.

ಇಷ್ಟು ಹೊಳೆವ ಹಕ್ಕಿ ಎಲೆಗಳ ನಡುವೆ ಕುಳಿತರೆ ಹೇಗೋ ಕಾಣದಾಗುತ್ತದೆ. ಆಗ ಕಿವಿಯನ್ನು ನಂಬಬೇಕು: ಕೊಳಲಿನಂಥ ‘ಪೀ-ಲೋ-ಲೋ’. ಆಲದ ಹಣ್ಣು ಮಾಗಿದ್ದರೆ ಹುಡುಕುತ್ತ ಅಲೆಯಬೇಕಾಗಿಲ್ಲ. ಬೆಳಗಿನ ಹೊತ್ತು ಅದೇ ಮರದ ಕೆಳಗೆ, ತಾತನನ್ನೂ ಕರೆದುಕೊಂಡು, ಸದ್ದಿಲ್ಲದೆ ನಿಂತರಾಯಿತು.