ಅಹವಾಲಿನ ಪಟ್ಟಿ ಬರೆದ ಕೈ ಯಾರದು?

ಸ್ಕೂಲಿನ ಚರಿತ್ರೆ ಪುಸ್ತಕದಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಒಂದೆರಡು ಪುಟದಲ್ಲಿ ಮುಗಿದುಹೋಗುತ್ತೆ. ಬ್ರಿಟಿಷರು ತೆರಿಗೆ ಹಾಕಿದರು, ಜನ ಟೀ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದರು, ಯುದ್ಧವಾಯಿತು, ಸ್ವಾತಂತ್ರ್ಯ ಬಂತು. ಪರೀಕ್ಷೆಗೆ ಇಷ್ಟು ಸಾಕು. ಬದುಕಿಗೆ ಸಾಲದು. ತೆರಿಗೆ ಹಾಕಿದ ಕಡೆಯೆಲ್ಲ ಯುದ್ಧ ಆಗೋದಿಲ್ಲ. ನೋವಿದ್ದ ಕಡೆಯೆಲ್ಲ ಹೋರಾಟ ಹುಟ್ಟೋದಿಲ್ಲ. ದೂರು ಬಂದೂಕಿನವರೆಗೆ ಹೇಗೆ ಹೋಯಿತು, ಹೋದಮೇಲೆ ಯಾರಿಗೆ ಏನು ಸಿಕ್ಕಿತು ಅನ್ನೋದನ್ನ ನಾವು ಬಿಡಿಸಿ ನೋಡಬೇಕು.

ಫ್ರೆಂಚರ ಮೇಲಿನ ಏಳು ವರ್ಷಗಳ ಯುದ್ಧವನ್ನು 1763ರಲ್ಲಿ ಗೆದ್ದು ಮುಗಿಸಿದ ಇಂಗ್ಲೆಂಡು ಸಾಲದಲ್ಲಿ ಮುಳುಗಿತ್ತು. ಆ ಭಾರವನ್ನು ಅಮೆರಿಕದ ವಸಾಹತುಗಳ ಹೆಗಲಿಗೂ ಹೊರಿಸಲು 1765ರಲ್ಲಿ ಸ್ಟಾಂಪ್ ಕಾಯಿದೆ ತಂದಿತು. ಕೋರ್ಟಿನ ಕಾಗದ, ಪತ್ರಿಕೆ, ಲೈಸೆನ್ಸು, ಕೊನೆಗೆ ಇಸ್ಪೀಟೆಲೆಗೂ ಸರ್ಕಾರದ ಮುದ್ರೆ ಬೇಕು, ಮುದ್ರೆಗೆ ದುಡ್ಡು ಕೊಡಬೇಕು. ಪಾರ್ಲಿಮೆಂಟಿನಲ್ಲಿ ನಮ್ಮವನು ಒಬ್ಬನೂ ಇಲ್ಲ, ನಮ್ಮನ್ನು ಕೇಳದೆ ನಮ್ಮ ಜೇಬಿಗೆ ಕೈ ಹಾಕೋಕೆ ನೀವ್ಯಾರು ಎಂದು ಅಲ್ಲಿನ ಜನ ಎದ್ದರು. ಇಂಗ್ಲೆಂಡಿನ ಸರಕು ಕೊಳ್ಳೋದು ನಿಲ್ಲಿಸಿದರು. 1766ರಲ್ಲಿ ಕಾಯಿದೆ ವಾಪಸಾಯಿತು. ಆದರೆ ಅದೇ ಹೊತ್ತಿಗೆ ಪಾರ್ಲಿಮೆಂಟು ಇನ್ನೊಂದು ಕಾಯಿದೆ ಮಾಡಿ, ವಸಾಹತುಗಳಿಗೆ ಯಾವ ವಿಷಯದಲ್ಲಾದರೂ ಕಾನೂನು ಮಾಡುವ ಹಕ್ಕು ತನ್ನದೇ ಎಂದು ಬರೆದುಕೊಂಡಿತು. ಹೊಡೆದ ಕೈ ಹಿಂದಕ್ಕೆ ಹೋಯಿತು, ಹೊಡೆಯುವ ಹಕ್ಕು ಹಾಗೇ ಉಳೀತು.

1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಟೀ ಮೇಲೆ ಹೊಸ ಸುಂಕ ಬಂತು. 1768ರಲ್ಲಿ ಬಾಸ್ಟನ್ ಊರಿಗೆ ಸೈನ್ಯ ಬಂತು. 1770ರ ಮಾರ್ಚ್ 5ರಂದು ಸಿಪಾಯಿಗಳು ಜನರ ಮೇಲೆ ಗುಂಡು ಹಾರಿಸಿದರು. ಐದು ಜನ ಸತ್ತರು. ಅವರಲ್ಲೊಬ್ಬ ಕ್ರಿಸ್ಪಸ್ ಆಟಕ್ಸ್, ಹಡಗಿನಲ್ಲಿ ದುಡಿಯುತ್ತಿದ್ದವನು, ಕರಿಯರ ಮತ್ತು ಮೂಲನಿವಾಸಿಗಳ ಸಂತಾನ. ಈ ಹೆಸರು ನೆನಪಿಡಿ.

ಇಲ್ಲಿಯವರೆಗೆ ಒಂದೊಂದು ಊರಿನ ದೂರು ಆಯಾ ಊರಿಗೇ ಸೇರಿತ್ತು. 1772ರಲ್ಲಿ ಬಾಸ್ಟನ್ನಿನವರು ಪತ್ರ ವ್ಯವಹಾರದ ಸಮಿತಿ ಕಟ್ಟಿದರು. ಇಲ್ಲಿ ಹೀಗಾಯ್ತು, ನಿಮ್ಮಲ್ಲಿ ಹೇಗೆ ಎಂದು ಊರಿಂದ ಊರಿಗೆ ಬರೆದರು. ಬೇರೆ ಊರುಗಳೂ ಸಮಿತಿ ಕಟ್ಟಿ ಉತ್ತರ ಬರೆದವು. ಬಿಡಿಬಿಡಿಯಾಗಿದ್ದ ನೋವು ಒಂದು ಹಗ್ಗವಾದದ್ದು ಹೀಗೆ. ಬಂದೂಕಿಗಿಂತ ಮೊದಲು ಕೆಲಸ ಮಾಡಿದ್ದು ಅಂಚೆ.

1773ರ ಟೀ ವಿಷಯ ಇನ್ನೂ ಸ್ವಾರಸ್ಯದ್ದು. ನಮ್ಮ ದೇಶವನ್ನು ನುಂಗುತ್ತಿದ್ದ ಅದೇ ಈಸ್ಟ್ ಇಂಡಿಯಾ ಕಂಪನಿ ದಿವಾಳಿಯ ಅಂಚಿನಲ್ಲಿತ್ತು. ಅದನ್ನು ಉಳಿಸೋಕೆ ಮಾಡಿದ ಕಾಯಿದೆಯಿಂದ ಅಮೆರಿಕದಲ್ಲಿ ಟೀ ಬೆಲೆ ಇಳಿಯುವುದಿತ್ತು! ಆದರೂ ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆ ಟೀ ಬಾಸ್ಟನ್ ಬಂದರಿನ ನೀರು ಪಾಲಾಯಿತು. ಯಾಕೆ? ಅಗ್ಗದ ಟೀ ಕುಡಿದರೆ ಸುಂಕ ಹಾಕುವ ಅವರ ಹಕ್ಕನ್ನೂ ಕುಡಿದಂತೆ. ಜಗಳ ಕಾಸಿನದಾಗಿ ಉಳಿದಿರಲಿಲ್ಲ. ಆಳುವ ಹಕ್ಕು ಯಾರದು ಅನ್ನೋದಕ್ಕೆ ಬಂದು ನಿಂತಿತ್ತು.

1774ರಲ್ಲಿ ಇಂಗ್ಲೆಂಡು ಬಾಸ್ಟನ್ ಬಂದರನ್ನೇ ಮುಚ್ಚಿತು. ಒಂದೂರಿಗೆ ಶಿಕ್ಷೆ ಕೊಟ್ಟರೆ ಉಳಿದವರು ಹೆದರುತ್ತಾರೆ ಎಂದುಕೊಂಡರು. ಉಳಿದ ವಸಾಹತುಗಳು ಬಾಸ್ಟನ್ನಿಗೆ ದವಸ ಕಳಿಸಿದವು. ಆ ಸೆಪ್ಟೆಂಬರಿನಲ್ಲಿ ಹನ್ನೆರಡು ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿದರು. 1775ರ ಏಪ್ರಿಲ್ 19ರಂದು ಮದ್ದುಗುಂಡು ವಶಮಾಡಿಕೊಳ್ಳಲು ಹೊರಟ ಸೈನ್ಯಕ್ಕೆ ರೈತರು ಎದುರು ನಿಂತರು. ರಕ್ತ ಹರಿದ ಮೇಲೂ, ಆ ಜುಲೈಯಲ್ಲಿ ದೊರೆಗೆ ಇನ್ನೊಂದು ಅರ್ಜಿ ಬರೆದರು. ದೊರೆ ಅದನ್ನು ಮುಟ್ಟಲಿಲ್ಲ, ಇವರನ್ನೆಲ್ಲ ದಂಗೆಕೋರರು ಎಂದು ಸಾರಿದ. ಮರುವರ್ಷ ಜನವರಿಯಲ್ಲಿ ಥಾಮಸ್ ಪೇನ್, ಜನಕ್ಕೆ ತಿಳಿಯೋ ಮಾತಿನಲ್ಲಿ ಒಂದು ಸಣ್ಣ ಪುಸ್ತಕ ಬರೆದ. ಕೆಟ್ಟ ಮಂತ್ರಿಗಳನ್ನು ಬೈದು ದೊರೆಯನ್ನು ನಂಬಬೇಡಿ, ದೊರೆತನವೇ ರೋಗ ಎಂದ. 1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆ ಬಂತು.

ಅರ್ಜಿ ತಿರಸ್ಕಾರವಾದ ಕಡೆ, ತಿರಸ್ಕೃತರು ಒಬ್ಬರಿಗೊಬ್ಬರು ಕೈಕೊಟ್ಟ ಕಡೆ, ದೂರು ಯುದ್ಧವಾಗುತ್ತೆ. ಇದು ಮೊದಲ ಪಾಠ. ಎರಡನೆಯ ಪಾಠವನ್ನು ಸ್ಕೂಲು ಪುಸ್ತಕ ಹೇಳೋದಿಲ್ಲ.

ಆ ಘೋಷಣೆಯಲ್ಲಿ ಎಲ್ಲ ಮನುಷ್ಯರೂ ಸಮಾನರು ಎಂದು ಬರೆದಿತ್ತು. ಅದರ ಕೆಳಗೆ ದೊರೆಯ ಮೇಲಿನ ದೂರುಗಳ ಉದ್ದನೆ ಪಟ್ಟಿ. ಬರೆದ ಜೆಫರ್ಸನ್ನನ ಮನೆಯಲ್ಲೇ ಗುಲಾಮರಿದ್ದರು. ವಸಾಹತುಗಳಲ್ಲಿ ಸುಮಾರು ಐದು ಜನಕ್ಕೆ ಒಬ್ಬರು ಗುಲಾಮರು. ಕರಡಿನಲ್ಲಿ ಗುಲಾಮರ ವ್ಯಾಪಾರದ ಮೇಲೆ ಒಂದು ಪ್ಯಾರಾ ಇತ್ತು. ಸಭೆ ಅದನ್ನು ಹೊಡೆದುಹಾಕಿತು. ಕ್ರಿಸ್ಪಸ್ ಆಟಕ್ಸನ ರಕ್ತ ಬೇಕಾಗಿತ್ತು, ಅವನ ಜನರ ದೂರು ಬೇಡವಾಯಿತು. ಮೂಲನಿವಾಸಿಗಳನ್ನಂತೂ ಅದೇ ಪಟ್ಟಿ ದಯೆಯಿಲ್ಲದ ಕಾಡುಜನ ಎಂದು ಹಳಿಯಿತು.

ಕರಿಯರು ಸುಮ್ಮನಿರಲಿಲ್ಲ. 1777ರಲ್ಲಿ ಪ್ರಿನ್ಸ್ ಹಾಲ್ ಮತ್ತು ಜೊತೆಗಾರರು ಒಡೆಯರು ಆಡಿದ ಸ್ವಾತಂತ್ರ್ಯದ ಮಾತನ್ನೇ ಹಿಡಿದು ಮ್ಯಾಸಚೂಸೆಟ್ಸ್ ಸರ್ಕಾರಕ್ಕೆ ಅರ್ಜಿ ಕೊಟ್ಟರು. 1781ರಲ್ಲಿ, ಮುಂದೆ ಎಲಿಜಬೆತ್ ಫ್ರೀಮನ್ ಎಂದು ಹೆಸರಾದ ಗುಲಾಮ ಹೆಣ್ಣುಮಗಳು ಆ ರಾಜ್ಯದ ಸಂವಿಧಾನದ ಸಮಾನತೆಯ ಮಾತು ತೋರಿಸಿ ಕೋರ್ಟಿನಲ್ಲಿ ಗೆದ್ದಳು. ಆದರೆ 1787ರ ದೇಶದ ಸಂವಿಧಾನ, ಪ್ರತಿನಿಧಿಗಳ ಲೆಕ್ಕಕ್ಕೆ ಗುಲಾಮರನ್ನು ಐದರಲ್ಲಿ ಮೂರು ಪಾಲು ಮಾತ್ರ ಎಣಿಸಿತು. ಗುಲಾಮಗಿರಿಯನ್ನು ಕಾನೂನಿನಿಂದ ಅಳಿಸೋಕೆ ಇನ್ನೊಂದು ದೊಡ್ಡ ಯುದ್ಧವೇ ಬೇಕಾಯಿತು. ಅದು 1865ರಲ್ಲಿ.

1930ರ ದುಂಡುಮೇಜಿನ ಪರಿಷತ್ತಿನಲ್ಲಿ ಬಾಬಾಸಾಹೇಬರು ಹಿಡಿದದ್ದು ಈ ಎಳೆಯನ್ನೇ. ಬ್ರಿಟಿಷರು ಅಸ್ಪೃಶ್ಯರಿಗೆ ಏನೂ ಮಾಡಲಿಲ್ಲ, ಸ್ವರಾಜ್ಯ ಬರಲಿ ಎಂದರು. ಅದೇ ಉಸಿರಿನಲ್ಲಿ, ಆ ಸ್ವರಾಜ್ಯದ ಅಧಿಕಾರದಲ್ಲಿ ನಮ್ಮ ಪಾಲು ಎಲ್ಲಿ ಎಂದೂ ಕೇಳಿದರು. ಹೊಡೆದುಹಾಕಿದ ಪ್ಯಾರಾವನ್ನು ಸ್ವಾತಂತ್ರ್ಯ ಬರೋಕೆ ಮೊದಲೇ ಬರೆಸಬೇಕು ಅನ್ನೋದು ಅವರಿಗೆ ಗೊತ್ತಿತ್ತು.

ಗೆಳೆಯರೇ, ನಾಳೆ ನೀವು ಹಾಸ್ಟೆಲಿನ ಅನ್ನದ ಬಗ್ಗೆ, ಸ್ಕಾಲರ್‌ಶಿಪ್ಪಿನ ಬಗ್ಗೆ ಅರ್ಜಿ ಬರೀತೀರಿ. ಬರೀರಿ, ಪಕ್ಕದ ಹಾಸ್ಟೆಲಿಗೂ ಕಳಿಸಿ. ಸಹಿ ಹಾಕುವ ಮೊದಲು ಒಮ್ಮೆ ಓದಿ. ಅನ್ನ ಬೇಯಿಸುವ ಅಮ್ಮನ ಕೂಲಿಯ ಮಾತು ಅದರಲ್ಲಿದೆಯೇ? ಕಕ್ಕಸು ತೊಳೆಯುವ ಅಣ್ಣನ ಮಾತು? ಹೆಣ್ಣುಮಕ್ಕಳ ಹಾಸ್ಟೆಲಿನ ಮಾತು? ಇಲ್ಲದಿದ್ದರೆ ಪೆನ್ನು ಅವರ ಕೈಗೆ ಕೊಡಿ.