ಸೋತವರಿಗೂ ಮುಂದಿನ ವಾರ ಆಟ ಬೇಕು

ಚಿತ್ರದುರ್ಗ ಕಡೆ ಕೊಯ್ಲು ಮುಗಿದರೆ ಕ್ರಿಕೆಟ್ ಶುರು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಲ್ಲಿ ಒಣಗಿದ ಕೆರೆಯಂಗಳವೂ ಮೈದಾನವೇ. ಆದರೆ ನಮ್ಮ ಕರಾವಳಿಯ ಅಂಡರ್‌ಆರ್ಮ್ ಹುಚ್ಚಿನ ಹಾಗೆ ಅಲ್ಲೂ ನಗದು ಬಹುಮಾನದ ನಾಕೌಟ್‌ಗಳದ್ದೇ ಗದ್ದಲ. ಪ್ರವೇಶ ಶುಲ್ಕ ಕಟ್ಟಿ, ಟೆಂಪೋ ಮಾಡಿ ಹೋದ ತಂಡ ಮೊದಲ ಪಂದ್ಯ ಸೋತರೆ ಮುಗೀತು, ವಾಪಸ್. ಎಂಟನೇ ಕ್ರಮಾಂಕದ ಹುಡುಗನಿಗೆ ಬ್ಯಾಟೇ ಸಿಗುವುದಿಲ್ಲ. ಅವನು ಕಲಿಯುವುದು ಯಾವಾಗ ಮಾರಾಯ್ರೇ?

ಲೀಗ್ ಹಾಗಲ್ಲ. ಐದು ಊರಿನ ತಂಡ ಸೇರಿದರೆ ಪ್ರತಿಯೊಬ್ಬರಿಗೂ ನಾಲ್ಕು ಪಂದ್ಯ ಗ್ಯಾರಂಟಿ. ಅವರೂರಲ್ಲೊಮ್ಮೆ, ನಮ್ಮೂರಲ್ಲೊಮ್ಮೆ ಎಂದರೆ ಎಂಟು. ಬಿಡುವಿನ ಭಾನುವಾರ ಸೌಹಾರ್ದ ಪಂದ್ಯ ಇಟ್ಟುಕೊಳ್ಳಿ. ಹೊಸಬನ ಕೈಗೆ ಧೈರ್ಯವಾಗಿ ಹೊಸ ಚೆಂಡು ಕೊಡಲು ಸಾಧ್ಯವಾಗುವುದು ಅಲ್ಲಿ ಮಾತ್ರ. ಖರ್ಚು ಅಂದರೆ ಚೆಂಡು, ಆತಿಥೇಯರ ಚಿತ್ರಾನ್ನ, ಅಷ್ಟೆ.

ವಿನಯ್ ಕುಮಾರ್ 1984ರಲ್ಲಿ ದಾವಣಗೆರೆಯಲ್ಲಿ ಹುಟ್ಟಿದಾಗ ಅದೂ ಚಿತ್ರದುರ್ಗ ಜಿಲ್ಲೆಯೇ. ಭಾರತಕ್ಕೆ ಆಡಿದರು, 2013-14, 2014-15ರಲ್ಲಿ ಸತತ ಎರಡು ಸಲ ಕರ್ನಾಟಕಕ್ಕೆ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ. ಅಲ್ಲಿಂದ ದಾರಿ ಉಂಟು. ಆದರೆ ಅದು ಲೆದರ್ ಬಾಲಿನ ದಾರಿ, ಆರು ಓವರಿನ ಟೆನಿಸ್ ಬಾಲಿನದ್ದಲ್ಲ.

ಬಹುಮಾನ ಪ್ರಾಯೋಜಿಸುವ ವ್ಯಾಪಾರಿಗಳು ಈ ಸಲ ಒಂದು ಮ್ಯಾಟ್, ಎರಡು ಜೊತೆ ಪ್ಯಾಡ್, ಹೆಲ್ಮೆಟ್ ಕೊಡಲಿ. ಆಳೆತ್ತರದ ಟ್ರೋಫಿ ಇಡಲು ಹಳ್ಳಿ ಕ್ಲಬ್ಬಿನಲ್ಲಿ ಜಾಗವಾದರೂ ಎಲ್ಲಿದೆ?